ಬಿಳಿ ಬಿಟ್ಟ ಮನೆ

ಎರಡು ಚಿತ್ರಗಳನ್ನು ಒಂದರ ಮೇಲೊಂದು ಕೂರಿಸಿ, ನಡುವೆ ಏನು ಬದಲಾಗಿದೆ ಎಂದು ಗೆರೆ ಎಳೆದು ತೋರಿಸುವುದು ನನ್ನ ಕೆಲಸವಾಗಿತ್ತು. ಎರಡೂ ಉಪಗ್ರಹದಿಂದ ತೆಗೆದ ಚಿತ್ರಗಳು. ಒಂದು ಕೆಲವು ವರ್ಷ ಹಳೆಯದು, ಇನ್ನೊಂದು ಈಚಿನದು. ಹಳೆಯದರಲ್ಲಿ ಇಲ್ಲದ ಕಟ್ಟಡ ಹೊಸದರಲ್ಲಿ ಕಂಡರೆ ಕೆಂಪು. ಇದ್ದದ್ದು ಬಿದ್ದುಹೋಗಿದ್ದರೆ ಕಪ್ಪು ಗೆರೆ. ಅದೇ ಮನೆಯ ಮೇಲೆ ಮತ್ತೊಂದು ಅಂತಸ್ತು ಎದ್ದಿದ್ದರೆ ನೀಲಿ. ಏನೂ ಬದಲಾಗದಿದ್ದರೆ ಬೂದಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಈ ಐದೂ ಊರುಗಳ ಒಂದೊಂದು ಚಾವಣಿಗೂ ಹೀಗೆ ಬಣ್ಣ ಹಚ್ಚಬೇಕಿತ್ತು.

ನಾನು ಐಟಿಐಯಲ್ಲಿ ನಕ್ಷೆ ಬಿಡಿಸುವುದನ್ನು ಕಲಿತವನು. ಅದಕ್ಕೂ ಮೊದಲು ವಾಡಿಯ ಸ್ಟೇಷನ್ ರಸ್ತೆಯ ಒಂದು ಅಂಗಡಿಯಲ್ಲಿ ಕುಳಿತು, ಮನೆ ಕಟ್ಟಿಸುವವರಿಗೆ ಪ್ಲಾನ್ ಹಾಕಿಕೊಡುತ್ತಿದ್ದೆ. ಹೆಂಡತಿ ತೀರಿಹೋದ ಮೇಲೆ ಆ ಅಂಗಡಿಯಲ್ಲಿ ಕೂರಲಾಗಲಿಲ್ಲ. ಬಂದವರೆಲ್ಲ ಮೊದಲು ಅವಳ ಮಾತು ಎತ್ತುತ್ತಿದ್ದರು, ಆಮೇಲೆ ಅಡುಗೆಮನೆ ಯಾವ ದಿಕ್ಕಿಗೆ ಬರಬೇಕು ಎಂದು ಹೇಳುತ್ತಿದ್ದರು. ಜ್ವರ ಎಂದು ಮಲಗಿದವಳು ಮತ್ತೆ ಏಳಲಿಲ್ಲ. ಅದನ್ನೇ ಎಷ್ಟು ಸಲ ಹೇಳುವುದು? ಕಲಬುರಗಿಯ ಒಂದು ಸಂಸ್ಥೆಗೆ ಉಪಗ್ರಹ ಚಿತ್ರದ ಮೇಲೆ ಗೆರೆ ಎಳೆಯುವವರು ಬೇಕಾಗಿದ್ದಾರೆ ಎಂದು ಯಾರೋ ಹೇಳಿದಾಗ ಕೂಡಲೇ ಒಪ್ಪಿಕೊಂಡೆ. ಕಂಪ್ಯೂಟರಿನ ಮುಂದೆ ಕುಳಿತರೆ ಸಂಜೆಯವರೆಗೆ ಯಾರ ಜೊತೆಯೂ ಮಾತಾಡಬೇಕಿರಲಿಲ್ಲ.

ಕೆಲಸ ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಎರಡು ಚಿತ್ರಗಳು ಎಂದೂ ನೇರವಾಗಿ ಒಂದರ ಮೇಲೊಂದು ಕೂರುವುದಿಲ್ಲ. ಒಂದು ಸ್ವಲ್ಪ ಪೂರ್ವಕ್ಕೆ ಸರಿದಿರುತ್ತದೆ, ಇನ್ನೊಂದು ಓರೆಯಾಗಿರುತ್ತದೆ. ಜಾಗ ಬಿಟ್ಟು ಕದಲದ ವಸ್ತುಗಳನ್ನು ಹುಡುಕಿ, ಎರಡರಲ್ಲೂ ಅವುಗಳಿಗೆ ಗುರುತು ಹಾಕಿ ಎಳೆದು ಕೂರಿಸಬೇಕು. ಬಾವಿಯ ಕಟ್ಟೆ, ರೈಲು ಸೇತುವೆಯ ಕಂಬ, ದರ್ಗಾದ ಗುಮ್ಮಟ, ಇಂಥವು. ಮನೆಯ ಎತ್ತರವನ್ನು ನೆರಳಿನಿಂದ ತಿಳಿಯಬೇಕು. ಆದರೆ ಎರಡು ಚಿತ್ರಗಳನ್ನು ತೆಗೆದ ಹೊತ್ತು ಬೇರೆಯಾದರೆ ನೆರಳಿನ ಉದ್ದವೂ ಬೇರೆಯಾಗಿ, ಇದ್ದ ಹಾಗೇ ಇರುವ ಮನೆ ಬೆಳೆದಂತೆ ಕಾಣುತ್ತದೆ. ಸೇಡಂನ ಹೊಸ ಬಡಾವಣೆಗಳಲ್ಲಿ ಬರೀ ಕಾಂಪೌಂಡ್ ಗೋಡೆ ಎಬ್ಬಿಸಿ ಬಿಟ್ಟ ಪ್ಲಾಟುಗಳನ್ನೆಲ್ಲ ಕಂಪ್ಯೂಟರು ಮನೆ ಎಂದು ಹಿಡಿಯುತ್ತಿತ್ತು. ಚಿಂಚೋಳಿಯಲ್ಲಿ ಬೇವಿನ ಮರಗಳು ಅರ್ಧ ಚಾವಣಿಗಳನ್ನು ಮುಚ್ಚಿದ್ದವು. ಎಲೆ ಉದುರಿದ ಕಾಲದ ಚಿತ್ರ ತರಿಸಿ ಮತ್ತೆ ಮೊದಲಿಂದ ಎಳೆದೆ. ವಾಡಿಯಲ್ಲಿ ಸಿಮೆಂಟಿನ ದೂಳು ಕೂತು ತಗಡು, ಕಲ್ಲು, ಕಾಂಕ್ರೀಟು ಎಲ್ಲ ಒಂದೇ ಬಣ್ಣ.

ವಾಡಿಯನ್ನು ಎಳೆಯುವಾಗ ನನ್ನ ಮನೆಯೂ ಬಂತು. ಸ್ಟೇಷನ್ನಿನ ಹಿಂದೆ ಉದ್ದಕ್ಕೆ ಹಬ್ಬಿದ ಸಾಲುಮನೆಗಳ ಒಂದು ಲೈನಿನ ಬಾಡಿಗೆ ಮನೆ. ಹಳೆಯ ಚಿತ್ರ ತೆಗೆದಾಗ ಅವಳಿದ್ದಳು. ಹೊಸದನ್ನು ತೆಗೆದಾಗ ಇರಲಿಲ್ಲ. ಎರಡು ಚಾವಣಿಗಳೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತವು. ಬೂದಿ ಬಣ್ಣ ತುಂಬಿ ಮುಂದಿನ ಮನೆಗೆ ಹೋದೆ.

ಈ ನಕ್ಷೆ ಯಾತಕ್ಕೆ ಎಂಬುದನ್ನು ಹೇಳಬೇಕು. ಊರುಗಳು ಬೆಳೆಯುತ್ತಿವೆ, ಇರಲು ಮನೆ ಸಾಲದು. ಹೊಲಗಳ ಕಡೆಗೆ ಊರು ಹರಡಬೇಕೋ, ಇರುವ ಊರೊಳಗೇ ಅಂತಸ್ತಿನ ಮೇಲೆ ಅಂತಸ್ತು ಎದ್ದು ಹೆಚ್ಚು ಜನರಿಗೆ ಜಾಗ ಮಾಡಬೇಕೋ ಎಂಬ ಚರ್ಚೆ ನಡೆದಿತ್ತು. ಶಹಾಬಾದದ ಹಳೆಯ ಪೇಟೆಯ ಒಂದು ಓಣಿಯ ಮೇಲೆ ಮೊದಲ ಕಣ್ಣು ಬಿದ್ದಿತ್ತು. ಅಲ್ಲಿಯವು ಒಂದೇ ಅಂತಸ್ತಿನ ಮನೆಗಳು. ಗೋಡೆಯೂ ಕಲ್ಲು, ಚಾವಣಿಯೂ ಪರಸಿ ಕಲ್ಲಿನ ಚಪ್ಪಡಿ. ಅವನ್ನು ತೆಗೆದು ಎತ್ತರದ ಕಟ್ಟಡ ಕಟ್ಟಬೇಕು. ಈಗಿರುವ ಪ್ರತಿ ಮನೆಗೆ ಒಂದರಂತೆ ಅದರಲ್ಲಿ ಮನೆ ಕೊಟ್ಟು, ಉಳಿದದ್ದನ್ನು ಬೇರೆಯವರಿಗೆ ಹಂಚಬೇಕು ಎಂಬ ಸಲಹೆ. ಅದಕ್ಕೆ ನಮ್ಮ ನಕ್ಷೆಯೇ ಆಧಾರ. ಅಲ್ಲಿ ಎಷ್ಟು ಮನೆ ಇವೆ ಎಂದು ನಾವು ತೋರಿಸುತ್ತೇವೋ ಅಷ್ಟು ಮನೆ.

ನನ್ನ ನಕ್ಷೆಯಲ್ಲಿ ಆ ಓಣಿ ಉದ್ದಕ್ಕೂ ಬೂದಿ. ಎಷ್ಟೋ ವರ್ಷಗಳಿಂದ ಏನೂ ಬದಲಾಗಿಲ್ಲ. ಕೆಲವೇ ಮನೆ, ವಿಶಾಲವಾದ ಚಾವಣಿಗಳು. ನೋಡಿದವರಿಗೆ ಇಲ್ಲಿ ಬೇಕಾದಷ್ಟು ಜಾಗವಿದೆ ಅನ್ನಿಸದೆ ಇರದು.

ಸಂಸ್ಥೆಯಲ್ಲಿ ಈ ಕೆಲಸ ನೋಡಿಕೊಳ್ಳುತ್ತಿದ್ದ ಮೇಡಂ, ಊರಿಗೆ ಹೋಗಿ ಮನೆ ಮನೆ ಕೇಳಿ ತಾಳೆ ನೋಡಿ ಬರಲು ಹೇಳಿದರು. ನನ್ನ ಜೊತೆಗೆ ಕುರಕುಂಟಾದ ಒಬ್ಬ ಹುಡುಗಿಯನ್ನು ಕೊಟ್ಟರು. ಪದವಿ ಮುಗಿಸಿ ಆಗಲೇ ಒಂದೆರಡು ಸರ್ವೆಗಳಲ್ಲಿ ದುಡಿದವಳು. ಬಾಯಿ ತುಂಬ ಮಾತು. ನನ್ನನ್ನು ಕಾಕಾ ಎನ್ನುತ್ತಿದ್ದಳು.

"ಕಾಕಾ, ನೀವು ಟೇಪ್ ಹಿಡೀರಿ, ನಾ ಮಾತಾಡ್ತೀನಿ. ನಿಮ್ಮ ಮಾರಿ ನೋಡಿದ್ರ ಮಂದಿ ಬಾಗಲಾ ಹಾಕ್ಕೋತಾರ," ಎಂದು ಮೊದಲ ದಿನವೇ ಹೇಳಿಬಿಟ್ಟಳು.

ಓಣಿಯ ದೊಡ್ಡ ಮನೆ ಒಬ್ಬ ಮುದುಕಿಯದು. ಎಲ್ಲರೂ ಆಯಿ ಎನ್ನುತ್ತಿದ್ದರು. ಅವಳ ಗಂಡ ಖಣಿಯಲ್ಲಿ ಕಲ್ಲು ತೆಗೆಯುತ್ತಿದ್ದವನು. ತಾನೇ ಆರಿಸಿ ತಂದ ಪರಸಿ ಹೊದಿಸಿ ಕಟ್ಟಿದ ಮನೆ. ಅವನು ಹೋಗಿ ಬಹಳ ಕಾಲವಾಗಿತ್ತು. ನಾಲ್ವರು ಗಂಡುಮಕ್ಕಳು, ಎಲ್ಲರಿಗೂ ಮದುವೆಯಾಗಿತ್ತು. ಆಯಿ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತಿದ್ದಳು.

"ಆಯಿ, ಮನ್ಯಾಗ ಎಷ್ಟ್ ಮಂದಿ ಅದೀರಿ?" ಎಂದು ಹುಡುಗಿ ಕೇಳಿದಳು.

"ಮನಿ ಮಂದಿನ್ನ ಎಣಸ್ತಾರೇನವ್ವಾ? ದೃಷ್ಟಿ ಆಗತದ. ನೀ ನಿನ್ನ ಮನಿ ಮಂದಿನ್ನ ಎಣಿಸಿ ಬಂದೀಯೇನು?"

"ಹೋಗ್ಲಿ ಬಿಡ್ರಿ. ಎಷ್ಟು ಕುಟುಂಬ ಅದಾವ ಅಷ್ಟ ಹೇಳ್ರಿ."

"ಒಂದೇ."

"ನಾಕ್ ಮಂದಿ ಮಕ್ಕಳಲ್ರಿ?"

"ನಾಕ್ ಮಂದಿ ಇದ್ರೇನಾತು? ನಮ್ಮ ಮನಿಯವರು ಇದ್ದಾಗಿಂದ ಒಂದೇ ಮನಿ. ಒಂದೇ ಒಲಿ. ಒಡದಿಲ್ಲ, ಒಡಿಯೂದೂ ಇಲ್ಲ. ಬರ್ಕೊ."

ಆಕೆ ಈ ಮಾತು ಹೇಳುವಾಗ ಹಿಂದಿನ ಕೋಣೆಯಲ್ಲಿ ಯಾರೋ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡರು. ಮನೆಯ ಹಿರಿಯರು ಹೇಳಿದ್ದನ್ನೇ ಬರೆದುಕೊಳ್ಳಬೇಕು ಎಂಬುದು ನಮಗಿದ್ದ ನಿಯಮ. ಹುಡುಗಿ ಒಂದು ಎಂದು ಬರೆದಳು. ಓಣಿಯ ಉಳಿದ ಮನೆಗಳಲ್ಲೂ ಇದೇ ಕಥೆ. ಹಿರಿಯರು ಬದುಕಿರುವಾಗ ಮನೆ ಒಡೆದಿದೆ ಎಂದು ಹೊರಗಿನವರ ಮುಂದೆ ಒಪ್ಪಿಕೊಳ್ಳುವುದು ನಮ್ಮ ಕಡೆ ಮರ್ಯಾದೆಯ ಪ್ರಶ್ನೆ. ಉಪಗ್ರಹ ಹೇಳಿದ್ದಕ್ಕೂ ಹಿರಿಯರು ಹೇಳಿದ್ದಕ್ಕೂ ಸರಿಯಾಗಿ ತಾಳೆಯಾಯಿತು. ಒಂದು ಚಾವಣಿ, ಒಂದು ಮನೆ.

ಓಣಿಯ ಕೊನೆಗೆ ಬಂದಾಗ ಆಯಿಯ ಕಿರಿಯ ಸೊಸೆ ತಲೆಯ ಮೇಲೆ ಸೆರಗು ಎಳೆದುಕೊಂಡು ಹಿಂದಿನಿಂದ ಬಿರುಸು ಹೆಜ್ಜೆ ಹಾಕುತ್ತ ಬಂದಳು. ಕೈಯಲ್ಲಿ ಖಾಲಿ ಕೊಡ.

"ಕಾಕಾ, ಒಂದೇ ಅಂತ ಬರೀಬ್ಯಾಡ್ರಿ," ಎಂದಳು. "ಮನಿ ಕೆಡವಿ ಒಂದs ಕೊಟ್ರ ನಾಕ್ ಮಂದಿ ಎಲ್ಲಿಗಿ ಹೋಗೂದ್ರಿ? ನಾವು ಬ್ಯಾರೆ ಆಗಿ ಎಷ್ಟೋ ವರ್ಷ ಆತು. ಒಳಗ ನಡು ಗ್ವಾಡಿ ಹಾಕ್ಕೊಂಡೀವಿ."

"ನಿಮ್ಮ ಅತ್ತಿಯವರಿಗೇ ಹೇಳಲಿಕ್ಕ ಹೇಳ್ರಲ್ಲ," ಎಂದೆ.

"ಅತ್ತಿ ಮುಂದ ನಾನೇನು, ಅಕಿ ಮಕ್ಕಳೂ ಬಾಯಿ ತೆಗ್ಯಂಗಿಲ್ರಿ. ಅಕಿಗಿ ಗೊತ್ತಿಲ್ಲಂತ ಅಲ್ಲ. ಗೊತ್ತಿದ್ದs ಹೇಳಂಗಿಲ್ಲ." ಯಾರೋ ಬರುತ್ತಿರುವುದು ಕಂಡು, ನೀರಿಗೆ ಬಂದವಳಂತೆ ನಲ್ಲಿಯ ಕಡೆ ತಿರುಗಿದಳು.

ಅಂದು ವಾಡಿಗೆ ಹೋಗುವ ಪ್ಯಾಸೆಂಜರ್ ಗಾಡಿಯಲ್ಲಿ ಹುಡುಗಿ ಬರೆದ ಹಾಳೆಗಳನ್ನು ತಿರುವುತ್ತ ಕುಳಿತಿದ್ದಳು. "ನಾಕ್ ಅಂತ ಬರದುಬಿಡೂಣೇನು ಕಾಕಾ?" ಎಂದಳು ಒಮ್ಮೆ. ಬರೆಯಬಹುದಿತ್ತು. ಆದರೆ ನಕ್ಷೆಯನ್ನು ಊರವರ ಮುಂದೆ ಇಡುವ ಸಭೆಯಲ್ಲಿ ಯಾರಾದರೂ ಆಯಿಯನ್ನೇ ಕೇಳಿದರೆ ಒಂದೇ ಎನ್ನುತ್ತಾಳೆ. ಆಗ ನಮ್ಮ ಇಡೀ ನಕ್ಷೆಯೇ ಸುಳ್ಳಾಗುತ್ತದೆ. ಬೇಡ ಎಂದೆ.

ಮರುದಿನ ಮೊದಲ ಗಾಡಿಗೇ ಹೊರಟೆ. ಅಷ್ಟು ಬೇಗ ಹೋಗಬೇಕಾದ ಕೆಲಸ ಇರಲಿಲ್ಲ. ಮನೆಯಲ್ಲಿ ಬೆಳಗಿನ ಹೊತ್ತು ಕಳೆಯುವುದು ನನಗೆ ಕಷ್ಟವಾಗಿತ್ತು. ಶಹಾಬಾದದಲ್ಲಿ ಇಳಿದು ಆ ಓಣಿಗೆ ಬಂದಾಗ ಇನ್ನೂ ಸೂರ್ಯ ಹುಟ್ಟಿರಲಿಲ್ಲ. ಆಯಿಯ ಮನೆಯ ಎದುರು ಪರಸಿ ಚಪ್ಪಡಿಗಳನ್ನು ಪೇರಿಸಿಟ್ಟಿದ್ದರು. ಅದರ ಮೇಲೆ ಕುಳಿತೆ. ಕಲ್ಲು ತಣ್ಣಗಿತ್ತು.

ಸ್ವಲ್ಪ ಹೊತ್ತಿಗೆ ರೊಟ್ಟಿ ಬಡಿಯುವ ಸಪ್ಪಳ ಶುರುವಾಯಿತು. ಮೊದಲು ಮುಂದಿನ ಕೋಣೆಯಿಂದ. ಕಲ್ಲಿನ ಕಟ್ಟೆಯ ಮೇಲೆ ಬಡಿಯುವ ಸಪ್ಪಳ, ಗಟ್ಟಿ, ಮಂದ. ಅದು ನಡೆಯುತ್ತಿರುವಾಗಲೇ ಎಡಗಡೆಯಿಂದ ಇನ್ನೊಂದು. ಇದು ಹಿಟ್ಟು ನಾದುವ ಪರಾತಿನ ಮೇಲೆ, ಪ್ರತಿ ಏಟಿಗೂ ಲೋಹ ಸಣ್ಣಗೆ ನುಡಿಯುತ್ತಿತ್ತು. ಆಮೇಲೆ ಹಿಂದಿನಿಂದ ಕಟ್ಟಿಗೆಯ ಮಣೆಯ ಮೇಲೆ ಒಂದು. ಕೊನೆಗೆ ತೀರ ಆಚೆ ಮೂಲೆಯಿಂದ ಅವಸರದ, ತಪ್ಪು ತಪ್ಪಾದ ಒಂದು ಬಡಿತ. ಅದು ಕಿರಿಯ ಸೊಸೆಯದೇ ಇರಬೇಕು ಅಂದುಕೊಂಡೆ. ಒಂದೇ ಚಾವಣಿಯ ಕೆಳಗೆ ನಾಲ್ಕು ಕಡೆ, ನಾಲ್ಕು ಕೈ. ಒಬ್ಬರ ತಾಳ ಇನ್ನೊಬ್ಬರಿಗೆ ಕೂಡುತ್ತಿರಲಿಲ್ಲ.

ಗ್ಯಾಸಿನ ಒಲೆಯಾದರೂ ಸರಿ, ಕಟ್ಟಿಗೆಯದಾದರೂ ಸರಿ, ಜೋಳದ ರೊಟ್ಟಿಯನ್ನು ಕೈಯಿಂದಲೇ ಬಡಿಯಬೇಕು. ಸದ್ದಿಲ್ಲದೆ ಬಡಿಯಲು ಬರುವುದಿಲ್ಲ. ಇದನ್ನು ನಾನು ಹೊಸದಾಗಿ ತಿಳಿದದ್ದಲ್ಲ. ನನ್ನ ಹೆಂಡತಿ ಮನೆಯಲ್ಲೇ ರೊಟ್ಟಿ ಬಡಿದು ಸ್ಟೇಷನ್ ಎದುರಿನ ಖಾನಾವಳಿಗೆ ಕೊಡುತ್ತಿದ್ದಳು. ನಮ್ಮ ಲೈನಿನಲ್ಲಿ ಎಲ್ಲರಿಗಿಂತ ಮೊದಲು ಶುರುವಾಗಿ ಎಲ್ಲರಿಗಿಂತ ಕೊನೆಗೆ ನಿಲ್ಲುತ್ತಿದ್ದುದು ಅವಳ ಸಪ್ಪಳ. ಬಡಿಯುತ್ತ ಬಡಿಯುತ್ತ ಅಂಗೈಯಿಂದ ರೊಟ್ಟಿಯನ್ನು ತಿರುಗಿಸುವಾಗ ಒಂದು ಕ್ಷಣ ನಿಂತು ಮತ್ತೆ ಶುರು ಮಾಡುತ್ತಿದ್ದಳು. ಆ ನಿಲ್ಲುವ ಜಾಗದಲ್ಲಿ ನಾನು ಮಗ್ಗುಲು ಬದಲಿಸಿ ಮತ್ತೆ ನಿದ್ದೆಗೆ ಹೋಗುತ್ತಿದ್ದೆ. ಈಗ ಅದೇ ಖಾನಾವಳಿಯಲ್ಲಿ ಎರಡು ಹೊತ್ತು ಉಣ್ಣುತ್ತೇನೆ. ರೊಟ್ಟಿ ಬೇರೆ ಯಾರೋ ಕೊಡುತ್ತಾರೆ.

ಸಪ್ಪಳ ಒಂದೊಂದಾಗಿ ನಿಲ್ಲುವವರೆಗೂ ಆ ಕಲ್ಲಿನ ಮೇಲೆ ಕುಳಿತಿದ್ದೆ. ಹುಡುಗಿ ಬಂದು "ಕಾಕಾ, ಇಲ್ಲೇ ಮಲಗಿದ್ರೇನು?" ಎಂದಾಗ ಎದ್ದೆ. ನಾಳೆಯಿಂದ ಎಷ್ಟು ಕುಟುಂಬ ಎಂದು ಕೇಳುವುದು ಬೇಡ ಎಂದು ಅವಳಿಗೆ ಹೇಳಿದೆ.

ಮೇಡಂಗೆ ವಿಷಯ ತಿಳಿಸಿದಾಗ ಅವರು ನಗಲಿಲ್ಲ. ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು.

"ರೊಟ್ಟಿ ಸಪ್ಪಳ ಕೇಳಿದ್ವಿ ಅಂತ ವರದಿಯೊಳಗ ಹೆಂಗ ಬರೀಲಿ ಹೇಳ್ರಿ?"

"ಸಪ್ಪಳ ಬರೀಬ್ಯಾಡ್ರಿ ಮೇಡಂ. ಪ್ರಶ್ನಾ ಬದಲಿ ಮಾಡ್ರಿ. ಬೆಳಿಗ್ಗಿ ರೊಟ್ಟಿ ಎಷ್ಟ್ ಕಡಿ ಬಡೀತೀರಿ ಅಂತ ಕೇಳ್ತೀವಿ. ಅದಕ್ಕ ಯಾರೂ ನಾಚಿಕಿ ಪಡಂಗಿಲ್ಲ. ಎಷ್ಟ್ ಕಡಿಯೋ ಅಷ್ಟು ಮನಿ."

"ಎಲ್ಲೂ ಬಡೀದಿದ್ರ?"

"ಯಾರೂ ಇಲ್ಲಂತ. ಬಣ್ಣ ಹಚ್ಚದs ಬಿಳಿ ಬಿಟ್ಟುಬಿಡೂದು. ನಮ್ಮ ಕಡಿ ಮಂದಿ ಇದ್ದು ರೊಟ್ಟಿ ಇರಲಾರದ ಮನಿ ಎಲ್ಲಿರ್ತದ್ರಿ?"

ಈ ಮಾತು ಹೇಳಿದವನು ನಾನೇ. ಎರಡು ಹೊತ್ತು ಖಾನಾವಳಿಯಲ್ಲಿ ಉಣ್ಣುವವನು.

ಮೇಡಂ ಕಿಟಕಿಯ ಕಡೆ ನೋಡಿದರು. ಐದೂ ಊರುಗಳಿಗೆ ಮತ್ತೆ ಹೋಗಬೇಕಾಗುತ್ತದೆ, ವರದಿ ತಡವಾಗುತ್ತದೆ, ಬೈಸಿಕೊಳ್ಳುವವರು ಅವರು. ಆದರೂ "ಆತು, ಮೊದಲಿಂದ ಮಾಡೋಣ" ಎಂದರು. ಅದರ ಜೊತೆಗೆ ಒಂದು ಷರತ್ತು ಹಾಕಿದರು. ಉತ್ತರವನ್ನು ಹಿರಿಯರ ಬಾಯಿಂದಲೇ ಪಡೆಯಬೇಕು, ಒಳಗೆ ಹೋಗಿ ಅಡುಗೆ ಮಾಡುವ ಜಾಗ ನೋಡಿ ಬರಬೇಕು. ಅನ್ನವೇ ಹೆಚ್ಚು ಮಾಡುವ ಮನೆಗಳಲ್ಲಿ ಅನ್ನ ಎಷ್ಟು ಕಡೆ ಬೇಯುತ್ತದೆ ಎಂದು ಕೇಳಬೇಕು. ಚಿಂಚೋಳಿಯ ತೆಲುಗು ಮನೆಗಳಲ್ಲಿ ಅದು ಉಪಯೋಗಕ್ಕೆ ಬಂತು.

ನಾವು ಮತ್ತೆ ಆಯಿಯ ಮುಂದೆ ಹೋಗಿ ಕುಳಿತೆವು.

"ಮತ್ತ್ ಬಂದ್ರೇನು? ಮೊನ್ನೆ ಬರಕೊಂಡಿದ್ದು ಅಳಿಸಿಹೋತೇನು?" ಎಂದಳು.

"ಇಲ್ರಿ ಆಯಿ, ಒಂದು ಮಾತು ಕೇಳೂದು ಬಿಟ್ಟಿದ್ವಿ," ಎಂದಳು ಹುಡುಗಿ. "ಬೆಳಿಗ್ಗಿ ರೊಟ್ಟಿ ಎಷ್ಟ್ ಕಡಿ ಬಡೀತೀರಿ?"

ಆಯಿಯ ಮುಖ ಅರಳಿತು. ಇಂಥ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ಕಾದಿದ್ದವಳಂತೆ ಮುಂದಕ್ಕೆ ಬಾಗಿದಳು.

"ನಾಕ್ ಕಡಿ ನೋಡವ್ವ. ನಾಕ್ ಕಡಿದೂ ನಂಗs ಬರ್ತಾವ, ಒಬ್ಬೊಬ್ಬಾಕಿ ಒಂದೊಂದು ತಂದು ಇಡ್ತಾಳ. ಹಿರೇದಾಕಿದು ಹಪ್ಪಳ ಇದ್ದಂಗ, ತೆಳ್ಳಗ. ಎರಡನೇದಾಕಿ ಉಪ್ಪು ಮರೀತಾಳ. ಮೂರನೇದಾಕಿದು ಚೊಲೋ, ಖರೇ, ಆದ್ರ ಹೊತ್ತು ಮುಳುಗತನಕ ಬಡೀತಾಳ. ಸಣ್ಣಾಕಿ..." ಎಂದು ಒಳಗಿನವರಿಗೆ ಕೇಳುವಂತೆ ದನಿ ಏರಿಸಿದಳು. "ಸಣ್ಣಾಕಿ ಬಡದಿದ್ದು ರೊಟ್ಟಿ ಅಲ್ಲ, ಆಂಧ್ರದ ನಕ್ಷಾ!"

ಒಳಗಿನಿಂದ ಯಾರೋ ಕಿಸಕ್ಕೆಂದರು. "ಅತ್ತಿ, ನಾಳಿ ನಿಮಗ ಕೊಡಂಗಿಲ್ಲ ನೋಡ್ರಿ," ಎಂಬ ಉತ್ತರವೂ ಬಂತು.

"ಕೊಡಬ್ಯಾಡ. ಮೂರು ಕಡಿದು ಬರ್ತಾವ."

ಹುಡುಗಿ ನನ್ನ ಮುಖ ನೋಡಿದಳು. ನಾಲ್ಕು ಎಂದು ಬರೆದಳು. ಒಳಗೆ ಹೋಗಿ ನಾಲ್ಕು ಅಡುಗೆ ಕಟ್ಟೆಗಳನ್ನು ನೋಡಿ ಬಂದೆವು. ನಡುವಿನ ಗೋಡೆಗಳೂ ಪರಸಿಯವೇ, ಚಪ್ಪಡಿಗಳನ್ನು ನಿಲ್ಲಿಸಿ ಮಾಡಿದವು. ಒಬ್ಬಳ ಗ್ಯಾಸ್ ಸಿಲಿಂಡರ್ ಇನ್ನೊಬ್ಬಳ ತೊಟ್ಟಿಲಿಗೆ ತಾಗುವಷ್ಟು ಇಕ್ಕಟ್ಟು. ಮೇಲಿನಿಂದ ವಿಶಾಲವಾಗಿ ಕಂಡ ಚಾವಣಿಯ ಕೆಳಗೆ ಕಾಲು ಚಾಚಿ ಕೂರಲು ಜಾಗವಿದ್ದುದು ಆಯಿಯ ಪಡಸಾಲೆಯಲ್ಲಿ ಮಾತ್ರ.

ಓಣಿಯ ಪ್ರತಿ ಮನೆಯಲ್ಲೂ ಲೆಕ್ಕ ಬದಲಾಯಿತು. ಕೆಲವು ಕಡೆ ಎರಡು, ಕೆಲವು ಕಡೆ ಮೂರು, ಒಂದು ಕಡೆ ಐದು. ಎತ್ತರದ ಕಟ್ಟಡ ಕಟ್ಟಿ ಎಷ್ಟು ಮನೆ ಮಾಡಬೇಕೆಂದಿದ್ದರೋ ಹೆಚ್ಚುಕಡಿಮೆ ಅಷ್ಟು ಮನೆಗಳು ಒಂದೇ ಅಂತಸ್ತಿನ ಆ ಓಣಿಯಲ್ಲಿ ಆಗಲೇ ಇದ್ದವು. ಇದಕ್ಕಾಗಿ ಮೇಡಂ ಇನ್ನೊಂದು ನಕ್ಷೆ ಮಾಡಿಸಿದರು. ಒಂದು ಚಾವಣಿಯ ಕೆಳಗೆ ಹೆಚ್ಚು ಮನೆ ಇದ್ದಷ್ಟೂ ಬಣ್ಣ ದಟ್ಟ. ಯಾರೂ ಇಲ್ಲದಲ್ಲಿ ಬಿಳಿ. ಬೂದಿಯಾಗಿದ್ದ ಓಣಿ ಬೆಂದ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು.

ಚಿತ್ತಾಪುರ, ಸೇಡಂ, ಚಿಂಚೋಳಿ ಆದವು. ವಾಡಿ ಕೊನೆಗೆ ಉಳಿಯಿತು. ನಾನೇ ಹಿಂದೆ ಹಾಕುತ್ತ ಬಂದಿದ್ದೆ. ನಮ್ಮ ಲೈನನ್ನು ಹುಡುಗಿಗೆ ಒಪ್ಪಿಸಿ, ನಾನು ಇನ್ನೊಂದು ಬದಿಗೆ ಹೋಗುವೆನೆಂದೆ. ಆದರೆ ಅಂದು ಮೈ ಸರಿಯಿರಲಿಲ್ಲ, ಮನೆಯಲ್ಲೇ ಉಳಿದೆ. ಮಧ್ಯಾಹ್ನದ ಹೊತ್ತಿಗೆ ಬಾಗಿಲು ಬಡಿದ ಸದ್ದು. ತೆರೆದರೆ ಅವಳು.

"ಅಯ್ಯ, ಕಾಕಾ! ಇದು ನಿಮ್ಮ ಮನಿ ಏನು?" ಎಂದಳು. ಕೈಯಲ್ಲಿದ್ದ ಹಾಳೆಗಳನ್ನು ಹಿಂದಕ್ಕೆ ಹಿಡಿದಳು. "ನಿಮ್ದು ನಾನs ತುಂಬ್ಕೋತೀನಿ ಬಿಡ್ರಿ."

"ಕೇಳವ್ವ," ಎಂದೆ. "ಎಲ್ಲರಿಗಿ ಕೇಳಿದಂಗ ನನಗೂ ಕೇಳು."

ಅವಳು ಹೊಸ್ತಿಲ ಹೊರಗೇ ನಿಂತು, ಹಾಳೆ ನೋಡುತ್ತ ಕೇಳಿದಳು. "ಬೆಳಿಗ್ಗಿ ರೊಟ್ಟಿ ಎಷ್ಟ್ ಕಡಿ ಬಡೀತೀರಿ?"

"ಎಲ್ಲೂ ಇಲ್ಲ."

"ಅನ್ನಾನೂ ಮಾಡ್ಕೊಳ್ಳಂಗಿಲ್ಲೇನ್ರಿ? ಚಾ?"

"ಇಲ್ಲವ್ವ. ಎಲ್ಲಾ ಹೊರಗs."

ಅವಳ ಕಣ್ಣು ನನ್ನ ಹಿಂದೆ ಹೋಯಿತು. ಅಡುಗೆಯ ಕಟ್ಟೆಯ ಮೇಲೆ ಪರಾತು ಬೋರಲು ಹಾಕಿದ್ದು, ಅದರ ಮೇಲೆ ಸಿಮೆಂಟಿನ ದೂಳು. ಒಲೆಯ ಮೇಲೂ ದೂಳು. ಪೆನ್ನನ್ನು ಹಾಳೆಗೆ ತಾಗಿಸಿದವಳು ಬರೆಯದೆ ನಿಂತಳು.

"ನಿಯಮ ಅದs ಅಲ್ಲೇನು," ಎಂದೆ. "ಬಿಳಿ ಬಿಡು."

"ನೀವು ಅದೀರಲ್ಲ ಕಾಕಾ, ಇಲ್ಲೇ."

"ಬಿಳಿ ಬಿಡು," ಎಂದೆ ಇನ್ನೊಮ್ಮೆ. ಅವಳು ಸೊನ್ನೆ ಬರೆದು ಪಕ್ಕದ ಮನೆಗೆ ಹೋದಳು. ಅದಕ್ಕೆ ಬೀಗ, ಅಲ್ಲೂ ಸೊನ್ನೆ ಬರೆದಳು. ಅಲ್ಲಿ ಕಾರ್ಖಾನೆಯ ಪಾಳಿ ಕೆಲಸಕ್ಕೆ ಬಂದ ಹುಡುಗರು ಐದಾರು ಜನ ಇರುತ್ತಿದ್ದರು. ಅವರೂ ಖಾನಾವಳಿಯವರೇ. ಸಾಲಿನಲ್ಲಿ ಅಂಥ ಕೋಣೆಗಳು ಎಷ್ಟೋ ಇದ್ದವು. ಅಂದು ಅದು ನನ್ನ ತಲೆಗೆ ಹೊಳೆಯಲಿಲ್ಲ. ನನ್ನ ಮನೆಯೊಂದನ್ನೇ ನೋಡುತ್ತಿದ್ದೆ. ಕಂಪ್ಯೂಟರಿನಲ್ಲಿ ವಾಡಿಯ ಆ ಭಾಗ ತುಂಬಿದಾಗ ನಮ್ಮ ಲೈನು ಬಹುಪಾಲು ಬಿಳಿ ಬಂತು. ಸ್ವಲ್ಪ ಹೆಚ್ಚೇ ಬಿಳಿ ಎನ್ನಿಸಿತು. ತಾಳೆ ನೋಡಿದೆ, ಹಾಳೆಯಲ್ಲಿದ್ದಂತೆಯೇ ಇತ್ತು. ಕಳಿಸಿಬಿಟ್ಟೆ.

ಸಭೆ ನಡೆದದ್ದು ಶಹಾಬಾದದಲ್ಲಿ. ಐದೂ ಊರುಗಳಿಂದ ಕೆಲವರು ಬಂದಿದ್ದರು. ಹಳೆಯ ಪೇಟೆಯವರು ಹಿಂದಿನ ಬೆಂಚುಗಳಲ್ಲಿ ತುಂಬಿಕೊಂಡಿದ್ದರು. ಆಯಿಯೂ ಕಿರಿಯ ಸೊಸೆಯ ಭುಜ ಹಿಡಿದು ಬಂದು ಕುಳಿತಿದ್ದಳು. ಮೇಡಂ ಮಾತಾಡುತ್ತಿದ್ದರು, ನಾನು ಮೂಲೆಯಲ್ಲಿ ಕುಳಿತು ಗೋಡೆಯ ಮೇಲೆ ನಕ್ಷೆ ಬಿಡುತ್ತಿದ್ದೆ. ಓಣಿಯ ನಕ್ಷೆ ಬಂದಾಗ ಅಧ್ಯಕ್ಷತೆ ವಹಿಸಿದ್ದ ಅಧಿಕಾರಿ ಮುಂದಕ್ಕೆ ಬಾಗಿದರು. ಬೆಂಗಳೂರು ಕಡೆಯವರು, ಸಮಾಧಾನದ ಮನುಷ್ಯ.

"ಈ ಮನೆಯಲ್ಲಿ ನಾಲ್ಕು ಅಂತ ತೋರಿಸಿದ್ದೀರಿ. ಮೊದಲ ನಕ್ಷೆಯಲ್ಲಿ ಒಂದೇ ಇತ್ತಲ್ಲ? ಆ ಮನೆಯವರು ಯಾರಾದರೂ ಬಂದಿದ್ದಾರಾ?"

ಕಿರಿಯ ಸೊಸೆ ತಲೆ ತಗ್ಗಿಸಿದಳು. ಆಯಿ ಅವಳ ಭುಜ ಒತ್ತಿ ಎದ್ದು ನಿಂತಳು.

"ಮನಿ ಒಂದೇ ಅದ ಸಾಹೇಬ್ರ," ಎಂದಳು. ಆಯಿ ಉಸಿರು ತೆಗೆದುಕೊಂಡಳು. "ರೊಟ್ಟಿ ನಾಕ್ ಕಡಿ. ನಮ್ಮ ಮನಿಯವರು ಕಟ್ಟಿದ ಮನಿ ಒಡದಾದ ಅಂತ ನಾ ಹೇಳಂಗಿಲ್ಲ. ಆದ್ರ ನಾಕ್ ಕಡಿ ರೊಟ್ಟಿ ಬಡಿಯೋ ಮಂದಿಗಿ ಒಂದು ಕ್ವಾಣಿ ಕೊಟ್ರ, ಅವರು ಎಲ್ಲಿ ಕುಂತು ಬಡೀಬೇಕು, ನೀವs ಹೇಳ್ರಿ."

ಹಿಂದಿನ ಬೆಂಚುಗಳಿಂದ ಚಪ್ಪಾಳೆ ಬಿತ್ತು. ಅಧಿಕಾರಿ ನಕ್ಕರು. ಆ ಓಣಿ ಈಗಾಗಲೇ ತುಂಬಿದೆ, ಅದನ್ನು ಕೆಡವಿ ಕಟ್ಟುವುದರಿಂದ ಲಾಭವಿಲ್ಲ ಎಂದು ಒಪ್ಪಿದರು. ಮೇಡಂ ನನ್ನ ಕಡೆ ನೋಡಿ ಸಣ್ಣಗೆ ತಲೆಯಾಡಿಸಿದರು. ನಾನು ಮುಂದಿನ ನಕ್ಷೆ ಹಾಕಿದೆ. ವಾಡಿ.

"ನೋಡಿ, ಇಲ್ಲಿದೆ ಜಾಗ," ಎಂದು ಅಧಿಕಾರಿ ಎದ್ದು ಗೋಡೆಯ ಹತ್ತಿರ ಬಂದರು. ಅವರ ಬೆರಳು ಸ್ಟೇಷನ್ನಿನ ಹಿಂದಿನ ಲೈನಿನ ಮೇಲೆ ಹರಿಯಿತು. "ಸಾಲಿಗೆ ಸಾಲೇ ಬಿಳಿ. ಯಾರೂ ಇಲ್ಲ. ಇದನ್ನು ತೆಗೆದು ಕಟ್ಟಿದರೆ ಯಾರನ್ನೂ ಎಬ್ಬಿಸಬೇಕಾಗಿಲ್ಲ. ಏನಂತೀರಿ?"

ಹಲವರು ಹೌದೆಂದರು. ವಾಡಿಯಿಂದ ಬಂದವರು ವ್ಯಾಪಾರದವರು, ಆ ಲೈನಿನವರು ಯಾರೂ ಇರಲಿಲ್ಲ. ಪಾಳಿ ಮಾಡುವವರು ಸಭೆಗೆ ಎಲ್ಲಿ ಬರುತ್ತಾರೆ? ಅಧಿಕಾರಿಯ ಬೆರಳು ಸರಿಯುತ್ತ ಸರಿಯುತ್ತ ನನ್ನ ಮನೆಯ ಮೇಲೆ ನಿಂತಿತ್ತು. ಪ್ರೊಜೆಕ್ಟರಿನ ಬೆಳಕಿನಲ್ಲಿ ಉಗುರಿನಷ್ಟೇ ದೊಡ್ಡದಾದ ಬಿಳಿ ಚೌಕ. ಅದರ ಪಕ್ಕದ ಚೌಕದಲ್ಲಿ ಇರುವ ಹುಡುಗರು ಆ ಹೊತ್ತಿಗೆ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿರುತ್ತಾರೆ ಎಂಬುದು ಆಗ ನೆನಪಿಗೆ ಬಂತು.

"ಅಲ್ಲಿ ಮಂದಿ ಅದಾರ್ರಿ," ಎಂದೆ.

ಮೂಲೆಯಿಂದ ಬಂದ ದನಿ ಯಾರದೆಂದು ಅವರಿಗೆ ತಿಳಿಯಲಿಲ್ಲ. "ಯಾರು?" ಎಂದು ತಿರುಗಿದರು.

"ಬಿಳಿ ಇದ್ದಲ್ಲಿ ಎಲ್ಲಾ ಮಂದಿ ಅದಾರ್ರಿ. ಹೊರಗ ಉಣ್ತಾರ, ಅದಕ್ಕ ಬಿಳಿ ಬಂದಾದ."

"ನಕ್ಷೆಯಲ್ಲಿ ಹಾಗಿಲ್ಲವಲ್ಲ."

"ನಕ್ಷಾ ಮಾಡಿದಾವ ನಾನೇ ರೀ. ತಪ್ಪು ನಂದು." ನಿಂತುಕೊಂಡೆ. "ನೀವು ಬಟ್ಟು ಇಟ್ಟೀರಲ್ಲ, ಆ ಮನ್ಯಾಗ ಇರಾವನೂ ನಾನೇ ರೀ."

ಅಧಿಕಾರಿ ಬೆರಳು ತೆಗೆದರು. ಬಿಸಿ ಮುಟ್ಟಿದವರಂತೆ ತೆಗೆದರು ಎಂದು ಹುಡುಗಿ ಆಮೇಲೆ ಹೇಳಿದಳು. ನಾನು ನೋಡಲಿಲ್ಲ. ನನಗೆ ಕಂಡದ್ದು ಆಯಿಯ ಮುಖ. ಅವಳು ಹಿಂದಿನ ಬೆಂಚಿನಿಂದ ನನ್ನನ್ನೇ ನೋಡುತ್ತಿದ್ದಳು.

ವಾಡಿಯ ಬಗ್ಗೆ ಅಂದು ತೀರ್ಮಾನ ತೆಗೆದುಕೊಳ್ಳಲಿಲ್ಲ. ಸರಿಪಡಿಸಿದ ನಕ್ಷೆ ಬಂದ ಮೇಲೆ ನೋಡೋಣ ಎಂದರು. ಹೊರಗೆ ಬಂದಾಗ ಆಯಿ ಮೆಟ್ಟಿಲ ಹತ್ತಿರ ಕುಳಿತಿದ್ದಳು.

"ಏನಪ್ಪ, ಹೆಂಡತಿ?"

"ಹೋಗ್ಯಾಳ್ರಿ ಆಯಿ."

"ಹಂ," ಎಂದಳು. ಬೇರೆಯವರಂತೆ ಏನೂ ಹೇಳಲಿಲ್ಲ. ಸೊಸೆಯ ಕೈ ಹಿಡಿದು ಏಳುತ್ತ, "ಇಷ್ಟ್ ದಿನ ನಮ್ಮ ರೊಟ್ಟಿ ಎಣಿಸಿದಿ. ಒಂದಿನಾನೂ ಬೇಡಿ ಉಣ್ಣಲಿಲ್ಲ ನೋಡು," ಎಂದಳು.

ವಾಡಿಯ ಬಿಳಿ ಮನೆಗಳಿಗೆ ನಾವು ಮತ್ತೆ ಹೋದೆವು. ಈ ಸಲ ಬೆಳಿಗ್ಗೆ ಅಲ್ಲ. ಪಾಳಿ ಬಿಟ್ಟು ಜನ ಬರುವ ಹೊತ್ತಿಗೆ ಹೋಗಿ ಬಾಗಿಲು ತಟ್ಟುತ್ತಿದ್ದೆವು. ಒಂದೊಂದು ಕೋಣೆಯಲ್ಲಿ ನಾಲ್ಕು ಚಾಪೆ, ಐದು ಚಾಪೆ. ಒಂದರಲ್ಲಿ ಮಗನ ಮನೆಯಿಂದ ಬುತ್ತಿ ತರಿಸಿಕೊಂಡು ಉಣ್ಣುವ ರೈಲ್ವೆಯ ನಿವೃತ್ತ ಗ್ಯಾಂಗಮನ್. ಒಂದರಲ್ಲಿ ಗಂಡ ಊರಿಗೆ ಹೋಗಿ ತಿರುಗಿ ಬಾರದ ಹೆಂಗಸು. ಪಕ್ಕದವರ ಮನೆಯಲ್ಲಿ ರೊಟ್ಟಿ ಬಡಿದುಕೊಟ್ಟು ಅಲ್ಲೇ ಉಣ್ಣುತ್ತಿದ್ದಳು. ಅವಳ ರೊಟ್ಟಿಯ ಸಪ್ಪಳ ಪಕ್ಕದವರ ಲೆಕ್ಕಕ್ಕೆ ಹೋಗಿತ್ತು. ಎಷ್ಟೋ ಬಾಗಿಲುಗಳನ್ನು ತೆರೆದವರು ಒಬ್ಬಂಟಿ ಗಂಡಸರೇ. ಯಾರು, ಯಾತಕ್ಕೆ ಎಂದು ಕೇಳುತ್ತಿರಲಿಲ್ಲ. ಇದ್ದೀರಾ ಎಂದು ಯಾರೋ ಕೇಳಿದ್ದೇ ಸಾಕು ಎಂಬಂತೆ "ಬರ್ರಿ, ಕುಂದ್ರಿ" ಎನ್ನುತ್ತಿದ್ದರು.

ಅವರಿಗಾಗಿ ಮೇಡಂ ಹೊಸ ಬಣ್ಣವೊಂದನ್ನು ಒಪ್ಪಿದರು. ತೆಳು ಹಳದಿ. ಇರುತ್ತಾರೆ, ಅಡುಗೆ ಇಲ್ಲ ಎಂದು ಅರ್ಥ.

ನಮ್ಮ ಲೈನನ್ನು ಕೊನೆಯ ದಿನಕ್ಕೆ ಉಳಿಸಿದ್ದೆವು. ಹುಡುಗಿ ನನ್ನ ಬಾಗಿಲ ಮುಂದೆ ಬಂದು ನಿಂತಳು. ನಾನು ಒಳಗೆ ಹೋಗಿ ಹೊಸ್ತಿಲ ಈಚೆ ನಿಂತೆ.

"ಮನ್ಯಾಗ ಯಾರ್ಯಾರು ಇರ್ತೀರಿ?"

ಇದಕ್ಕೂ ಮೊದಲು ಯಾರೂ ನನ್ನನ್ನು ಹೀಗೆ ಕೇಳಿರಲಿಲ್ಲ. ಕೇಳಿದ್ದರೂ ನಾನು ಬಾಯಿ ತೆರೆಯುತ್ತಿರಲಿಲ್ಲವೇನೋ.

"ನಾ ಒಬ್ಬಾವ," ಎಂದೆ.

ಅವಳು ಬರೆದುಕೊಂಡಳು.

ಮರುದಿನ ಕಂಪ್ಯೂಟರಿನ ಮುಂದೆ ಕುಳಿತು ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಒಮ್ಮೆ ಒಂದರ ಮೇಲೊಂದು ಇಟ್ಟು ನೋಡಿದೆ. ನನ್ನ ಮನೆಯ ಚಾವಣಿ ಅದೇ, ನೆರಳೂ ಅದೇ. ಆ ಚೌಕದೊಳಗೆ ಹಳದಿ ತುಂಬಿದೆ.